ಎಲ್ಲರೂ ಹಾರಿದ ಫೋಟೋ

ಫ್ಲ್ಯಾಶಣ್ಣನ ಸ್ಟುಡಿಯೋದಲ್ಲಿ ಗಿರಾಕಿಗಳು ಕೂರುವುದಕ್ಕೆ ಕುರ್ಚಿ ಇರಲಿಲ್ಲ. ಇದ್ದದ್ದು ಒಂದು ಸ್ಟೂಲು, ಅದರ ಮೇಲೆ ಅವನ ಚಹಾದ ಲೋಟ. ಗುರುತಿನ ಚೀಟಿಗೆ ಫೋಟೋ ಬೇಕು ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ತಡೆದು ಎದುರಿನ ಅಂಗಡಿ ತೋರಿಸುತ್ತಿದ್ದ. "ಕೂತ ಫೋಟೋ ಅಲ್ಲಿ ತೆಗೀತಾರೆ. ನಮ್ಮಲ್ಲಿ ಹಾರೋದು ಮಾತ್ರ" ಅನ್ನುತ್ತಿದ್ದ. ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಒದೆಯಬೇಡವೋ ಅಂತ ಅವನ ಅಕ್ಕ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ.

ನಿಂತ ಫೋಟೋ ಸತ್ತ ಫೋಟೋ, ಇದು ಅವನ ಗಾದೆ. ಅವನೇ ಕಟ್ಟಿದ್ದು, ಅವನೇ ಸಾವಿರ ಸಲ ಹೇಳಿದ್ದು. ನೆಲದ ಮೇಲೆ ನಿಂತ ಮನುಷ್ಯ ಮುಖಕ್ಕೆ ಒಂದು ಮುಖ ಹಾಕಿಕೊಂಡು ನಿಲ್ಲುತ್ತಾನಂತೆ. ಸಾಹೇಬ ಸಾಹೇಬನ ಹಾಗೆ, ಗುಮಾಸ್ತ ಗುಮಾಸ್ತನ ಹಾಗೆ. ಅದೇ ಕಾಲು ನೆಲ ಬಿಟ್ಟಿತೋ, ಆ ಅರೆಗಳಿಗೆ ಮುಖ ಕಾಯುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಬಾಯಿ ತೆರೆಯುತ್ತದೆ, ಕೂದಲು ಏಳುತ್ತದೆ, ಅರವತ್ತು ವರ್ಷದ ಹೆಡ್‌ಮೇಡಂ ಆರು ವರ್ಷದವರಾಗುತ್ತಾರೆ. ಆ ಗಳಿಗೆಯನ್ನು ಫ್ಲ್ಯಾಶು ಕಚಕ್ ಅಂತ ಹಿಡಿದುಬಿಡಬೇಕು. ಇದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ ಅನ್ನುವುದನ್ನು ಅವನ ವೈರಿಗಳೂ ಒಪ್ಪಬೇಕು. ನಾನೂ ಒಪ್ಪುತ್ತೇನೆ.

ಅವನ ಕೆಲಸದ ಕ್ರಮವೇ ಬೇರೆ. ಎರಡು ಕಡೆ ಎರಡು ಸ್ಟ್ಯಾಂಡು, ಅದಕ್ಕೆ ಬಿಳಿ ಕೊಡೆ ಹಚ್ಚಿದ ಎರಡು ದೊಡ್ಡ ಫ್ಲ್ಯಾಶು. ಜನರ ಬೆನ್ನ ಹಿಂದೆ ಕಾಣದ ಹಾಗೆ ಒಂದು ಚಿಕ್ಕದು. ಮೊದಲು ಎಲ್ಲರನ್ನೂ ನಿಲ್ಲಿಸಿ ಒಂದು ಫೋಟೋ ಹೊಡೆಯುತ್ತಿದ್ದ, ಅದು ಬರೀ ಬೆಳಕು ನೋಡುವುದಕ್ಕೆ. ಆಮೇಲೆ ನೆಲಕ್ಕೆ ಒಂದು ಖಾಲಿ ಗೋಣಿಚೀಲ ಹಾಸಿ, ಅದರ ಮೇಲೆ ಬೋರಲು ಮಲಗಿ, ಕ್ಯಾಮೆರಾವನ್ನು ಹೆಚ್ಚುಕಡಿಮೆ ನೆಲಕ್ಕೇ ಆನಿಸಿ "ಒಂದು, ಎರಡು..." ಅಂತ ಎಣಿಸುತ್ತಿದ್ದ. ಅಷ್ಟು ಕೆಳಗಿನಿಂದ ನೋಡಿದರೆ ಗೇಣುದ್ದ ಹಾರಿದವನು ಮೊಳದುದ್ದ ಹಾರಿದ ಹಾಗೆ ಕಾಣುತ್ತಾನೆ. ಒಂದು ಸಲ ಹೊಡೆದ ಮೇಲೆ ಫ್ಲ್ಯಾಶಿಗೆ ಉಸಿರು ತೆಗೆದುಕೊಳ್ಳಲು ನಾಲ್ಕೈದು ಸೆಕೆಂಡು ಬೇಕು. ಅದರ ಬೆನ್ನಿನ ಕೆಂಪು ದೀಪ ಹತ್ತುವವರೆಗೂ ಯಾರೂ ಅಲ್ಲಾಡಬಾರದು.

ಸಂಜೆ ಬಂದು ಕಂಪ್ಯೂಟರಿನ ಮುಂದೆ ಕೂತು ಒಂದೇ ಒಂದು ಫೋಟೋ ಉಳಿಸುತ್ತಿದ್ದ. ಮಿಕ್ಕಿದ್ದೆಲ್ಲ ಅಳಿಸಿ ಹಾಕುತ್ತಿದ್ದ. ನಿಲ್ಲಿಸಿ ಹೊಡೆದದ್ದು, ಅರ್ಧ ಹಾರಿದ್ದು, ಕಣ್ಣು ಮುಚ್ಚಿದ್ದು, ಎಲ್ಲ ಹೋಗುತ್ತಿತ್ತು. ಕಸ ಇಟ್ಟುಕೊಂಡವನು ಕಸದವನಾಗುತ್ತಾನೆ ಅನ್ನುವುದು ಅವನ ಇನ್ನೊಂದು ಗಾದೆ. ಉಳಿಸಿದ ಒಂದರ ಮೂಲೆಯಲ್ಲಿ ತಾರೀಖು ಹಾಕಿ, ಕೆಳಗೆ ಪುಟ್ಟದಾಗಿ ತನ್ನ ಸ್ಟುಡಿಯೋದ ಹೆಸರು ಬರೆಯುತ್ತಿದ್ದ.

ಅವನಿಗೆ ಮೊದಲ ಫ್ಲ್ಯಾಶು ಕೊಡಿಸಿದವರು ಭಾವ, ಅಂದರೆ ಅಕ್ಕನ ಗಂಡ. ಕಾಗದದ ಕಾರ್ಖಾನೆಯ ಗೋದಾಮಿನಲ್ಲಿ ಅವರು ಲೋಡರು. ಕಾಗದದ ದಿಂಡುಗಳನ್ನು ಲಾರಿಗೆ ಏರಿಸುವ, ಇಳಿಸುವ ಕೆಲಸ. ಎದೆ ಅಗಲ, ಬಾಯಿ ಅದಕ್ಕಿಂತ ಅಗಲ, ಯಾವಾಗಲೂ ನಗೆ. "ನಮ್ಮ ಹುಡುಗ ಮೊದಲು ಬರೀ ಕಾಗೆ ಹಾರಿಸ್ತಿದ್ದ, ಈಗ ಕಾರಕೂನರನ್ನೂ ಹಾರಿಸ್ತಾನೆ" ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಹೇಳುವಾಗ ಅವರ ಮುಖ ನೋಡಬೇಕಿತ್ತು, ತಾವೇ ಫ್ಲ್ಯಾಶು ಕಂಡುಹಿಡಿದ ಹಾಗೆ.

ಒಂದು ದಿನ ಅಟ್ಟಿಯಿಂದ ಒಂದು ದಿಂಡು ಜಾರಿ ಭಾವನ ಸೊಂಟಕ್ಕೆ ಬಡಿಯಿತು. ಎಂಟು ತಿಂಗಳಾದರೂ ನೋವು ಹೋಗಲಿಲ್ಲ. ಬಗ್ಗಿದರೆ ಏಳುವುದಕ್ಕೆ ಗೋಡೆ ಹಿಡಿಯಬೇಕು. ಕಾರ್ಖಾನೆಯ ಡಾಕ್ಟರು ಎಕ್ಸ್‌ರೇ ನೋಡಿ ಏನೂ ಕಾಣುವುದಿಲ್ಲ ಅಂದರು. ಭಾವ ಕೇಳಿದ್ದು ದೊಡ್ಡದೇನಲ್ಲ. ಗೇಟಿನ ಪಕ್ಕದಲ್ಲಿ ಲಾರಿ ತೂಕ ಮಾಡುವ ಕಟ್ಟೆಯಿದೆ, ಅಲ್ಲಿ ಒಂದು ಗೂಡು, ಗೂಡಿನೊಳಗೆ ಒಂದು ಕುರ್ಚಿ. ಅಲ್ಲಿ ಕೂತು ಚೀಟಿ ಬರೆಯುವವನು ಆ ವರ್ಷ ನಿವೃತ್ತನಾಗುತ್ತಿದ್ದ. ಆ ಕುರ್ಚಿ ತನಗೆ ಕೊಡಿ ಅಂತ ಅರ್ಜಿ ಹಾಕಿದ್ದರು. ಮನೆಯಲ್ಲಿ ಒಂದೂವರೆ ವರ್ಷದ ಮಗಳು, ಮದುವೆಯಾಗಿ ಎಂಟು ವರ್ಷಕ್ಕೆ ಹುಟ್ಟಿದವಳು. ಅಕ್ಕ ಎರಡು ಹೊತ್ತೂ ಆ ಕುರ್ಚಿಯ ಮಾತೇ ಆಡುತ್ತಿದ್ದಳು.

ಅದೇ ಹೊತ್ತಿಗೆ ಕಾರ್ಖಾನೆಯವರಿಗೆ ಆಫೀಸಿನ ಗೋಡೆಗೆ ಒಂದು ದೊಡ್ಡ ಫೋಟೋ ಬೇಕಾಯಿತು, ಕೆಲಸಗಾರರೆಲ್ಲ ಖುಷಿಯಾಗಿರುವಂಥದ್ದು. ಮ್ಯಾನೇಜರ ಹತ್ತಿರ ಹೋಗಿ ಫ್ಲ್ಯಾಶಣ್ಣನ ಹೆಸರು ಹೇಳಿದವರು ಭಾವನೇ.

ಗೋದಾಮಿನ ದೀಪಗಳನ್ನೆಲ್ಲ ಆರಿಸಿ ಮೂವತ್ತೊಂದು ಜನರನ್ನು ಅವನು ಒಂದೇ ಸಾಲಿನಲ್ಲಿ, ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿದ. ಭಾವ ಒಂದು ಪೆಟ್ಟಿಗೆಯ ಮೇಲೆ ಕೂತಿದ್ದರು.

"ನನ್ನ ಬಿಟ್ಬಿಡೋ. ನಾನಿಲ್ಲೇ ಕೂತು ಚಪ್ಪಾಳೆ ಹೊಡೀತೀನಿ."

"ನೀವಿಲ್ದೆ ಹೇಗೆ ಭಾವ? ನನ್ನ ಕರೆಸಿದ್ದೇ ನೀವು."

"ಹಾಗಾದ್ರೆ ನಿಂತಿರ್ತೀನಿ. ಹಾರೋದಂತೂ ಆಗಲ್ಲ."

ಸಾಲಿನಲ್ಲಿ ಒಬ್ಬ ನಿಂತರೆ ಅದು ಹಲ್ಲು ಬಿದ್ದ ಬಾಯಿ. ಅವನ ಕೈಯಲ್ಲಿ ಅಂಥ ಫೋಟೋ ಇವತ್ತಿನವರೆಗೂ ಬಂದಿರಲಿಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಗಟ್ಟಿಮುಟ್ಟಾದ ಇಬ್ಬರು ಲೋಡರುಗಳನ್ನು ಕರೆದ. ಒಬ್ಬನಿಗೆ ದಪ್ಪ ಮೀಸೆ, ಇನ್ನೊಬ್ಬನಿಗೆ ಗಡ್ಡ. ಭಾವನನ್ನು ಸಾಲಿನ ನಟ್ಟನಡುವೆ ನಿಲ್ಲಿಸಿ, ಅವರಿಬ್ಬರನ್ನು ಎಡಬಲಕ್ಕೆ ಕೊಟ್ಟ. ಹಿಂದಿನಿಂದ ಬೆಲ್ಟು ಹಿಡಿಯಬೇಕು, ಕಂಕುಳಿಗೆ ಕೈ ಕೊಡಬೇಕು, ತಾವು ಹಾರುವಾಗ ಇವರನ್ನೂ ಎತ್ತಿಬಿಡಬೇಕು. ಭಾವ ಮಂಡಿ ಮಡಿಚಿದರೆ ಸಾಕು. ಭುಜಗಳ ಮರೆಯಲ್ಲಿ ಕೈ ಕಾಣುವುದಿಲ್ಲ.

ಮೊದಲ ಸಲ ಮೀಸೆಯವನು ಬೇಗ ಎತ್ತಿ ಭಾವ ಒಂದು ಕಡೆಗೆ ವಾಲಿದರು. ಎತ್ತಿದ ಕೈಗಳು ಕ್ಯಾಮೆರಾದಲ್ಲಿ ಚೆನ್ನಾಗಿಯೇ ಕಂಡವು. ಎರಡನೇ ಸಲ, ಮೂರನೇ ಸಲ ಬೇರೆ ಯಾರೋ ಹಿಂದೆ ಬಿದ್ದರು. ಪ್ರತಿ ಸಲವೂ ಕೆಂಪು ದೀಪ ಹತ್ತುವವರೆಗೆ ಭಾವ ಸೊಂಟಕ್ಕೆ ಕೈ ಕೊಟ್ಟು, ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದರು.

"ಸಾಕಾಯ್ತೇನೋ?"

"ಒಂದೇ ಒಂದು ಭಾವ. ಕೊನೇದು."

ನಾಲ್ಕನೇ ಸಲ ಗಡ್ಡದವನ ಬೆರಳು ಕಂಕುಳಲ್ಲಿ ಎಲ್ಲಿ ತಗಲಿತೋ, ಭಾವನಿಗೆ ಕಚಗುಳಿಯಾಗಿ ಬಾಯಿ ತುಂಬ ನಗು ಬಂತು. ಅದೇ ಗಳಿಗೆಗೆ ಫ್ಲ್ಯಾಶು ಹೊಡೆಯಿತು.

ಆ ಫೋಟೋದಲ್ಲಿ ಮೂವತ್ತೆರಡು ಜನರೂ ಗಾಳಿಯಲ್ಲಿದ್ದರು. ಎಲ್ಲರಿಗಿಂತ ಮೇಲೆ, ನಡುಮಧ್ಯದಲ್ಲಿ, ಮಂಡಿ ಮಡಿಚಿಕೊಂಡು, ಬಾಯಿ ತುಂಬ ನಗುತ್ತಾ ಭಾವ. ತನ್ನ ಹದಿನಾಲ್ಕು ವರ್ಷದ ಕೆಲಸದಲ್ಲಿ ಇಂಥದ್ದು ಬಂದಿಲ್ಲ ಅಂತ ಅವನು ಆ ಸಂಜೆ ಒಬ್ಬನೇ ಕೂತು ಮೂರು ಲೋಟ ಚಹಾ ಕುಡಿದ. ಮಿಕ್ಕಿದ್ದನ್ನು ಎಂದಿನಂತೆ ಅಳಿಸಿದ. ಮೂಲೆಯಲ್ಲಿ ತಾರೀಖು ಹಾಕಿದ.

ಮೂರು ವಾರದ ಮೇಲೆ ಮ್ಯಾನೇಜರು ಅವನನ್ನು ಆಫೀಸಿಗೆ ಕರೆಸಿದರು. ಕಂಪನಿಗೆ ಇನ್ನೂ ಏಳು ಶಾಖೆಗಳಿವೆ, ಎಲ್ಲ ಕಡೆಗೂ ಇಂಥದ್ದೇ ಫೋಟೋ ಬೇಕು ಅಂತ ಫೋನಿನಲ್ಲೇ ಹೇಳಿದ್ದರು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದ. ಒಳಗೆ ಮ್ಯಾನೇಜರ ಜೊತೆ ಇನ್ನಿಬ್ಬರಿದ್ದರು. ಒಬ್ಬರು ಕಾರ್ಖಾನೆಯ ಡಾಕ್ಟರು, ಮುಂದೆ ಒಂದು ಫೈಲು. ಇನ್ನೊಬ್ಬರು ಬೇರೆ ಕಡೆಯಿಂದ ಬಂದ ನರೆಗೂದಲಿನ ಅಧಿಕಾರಿ. ಗೋಡೆಯ ಮೇಲೆ ನಾಲ್ಕಡಿ ಅಗಲದ ಫೋಟೋ, ಅದಕ್ಕೆ ಗಾಜು.

ನರೆಗೂದಲಿನವರು ಎದ್ದು ಹೋಗಿ ಫೋಟೋವನ್ನು ಹತ್ತಿರದಿಂದ ನೋಡಿದರು. "ತುಂಬಾ ಚೆನ್ನಾಗಿದೆ. ಇದು ಕಂಪ್ಯೂಟರಲ್ಲಿ ಕತ್ತರಿಸಿ ಅಂಟಿಸಿದ್ದಾ?"

ಅವನಿಗೆ ಉರಿದುಹೋಯಿತು. ಎದುರಿನ ಅಂಗಡಿಯವನು ಮಾಡುತ್ತಿದ್ದದ್ದು ಅದೇ, ನಿಂತವರನ್ನು ಕತ್ತರಿಸಿ ಆಕಾಶಕ್ಕೆ ಅಂಟಿಸುವುದು. ಆ ಸಾಲಿಗೆ ತನ್ನನ್ನೂ ಸೇರಿಸಿದರೆ?

"ನನ್ನ ಫೋಟೋದಲ್ಲಿ ಮೋಸ ಇಲ್ಲ ಸರ್. ಹದಿನಾಲ್ಕು ವರ್ಷದಿಂದ ಒಂದೇ ಒಂದು ಅಂಟಿಸಿಲ್ಲ."

"ತಾರೀಖು ಸರಿಯಾಗಿದೆಯಾ?"

"ನನ್ನ ತಾರೀಖು ಯಾವತ್ತೂ ತಪ್ಪಲ್ಲ ಸರ್."

ಅಧಿಕಾರಿಯ ಬೆರಳು ಗಾಜಿನ ಮೇಲೆ ನಿಧಾನವಾಗಿ ಸರಿದು ಭಾವನ ಎದೆಯ ಮೇಲೆ ನಿಂತಿತು. "ಇವರೂ ಹಾರಿದ್ರಾ?"

ಇಲ್ಲಿ ಸ್ವಲ್ಪ ನಿಲ್ಲಬೇಕು. ಅವರು ಯಾಕೆ ಕೇಳುತ್ತಿದ್ದಾರೆ ಅಂತ ತನಗೆ ಗೊತ್ತೇ ಇರಲಿಲ್ಲ ಎಂದು ಅವನು ಈಗಲೂ ಹೇಳುತ್ತಾನೆ. ನಂಬುವವರು ನಂಬಲಿ. ಡಾಕ್ಟರು ಎದುರಿಗಿದ್ದರು, ಫೈಲು ಎದುರಿಗಿತ್ತು, ಅಕ್ಕನ ಬಾಯಲ್ಲಿ ಆ ಅರ್ಜಿಯ ಮಾತು ದಿನಾ ಕೇಳಿದ ಕಿವಿ ಅವನ ತಲೆಗೇ ಅಂಟಿಕೊಂಡಿತ್ತು. ಎತ್ತಿದರು ಸರ್ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗಂದರೆ ಫೋಟೋದಲ್ಲಿ ಮೋಸ ಇದೆ ಅಂತಾಯಿತಲ್ಲ. ಈಗ ತಾನೇ ಇಲ್ಲ ಅಂದಿದ್ದಾನೆ. ಮ್ಯಾನೇಜರು ನೋಡುತ್ತಿದ್ದಾರೆ, ಏಳು ಶಾಖೆಗಳು ನೋಡುತ್ತಿವೆ. ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ ಅನ್ನುತ್ತಾರೆ, ಅವನದು ಹೊರಳಲೂ ಇಲ್ಲ, ನೆಟ್ಟಗೆ ಹೇಳಿತು.

"ಎಲ್ಲರೂ ಹಾರಿದ್ದಾರೆ ಸರ್."

"ಒಂದು ಕಾಗದದ ಮೇಲೆ ಬರೆದುಕೊಡಿ" ಅಂದರು ಡಾಕ್ಟರು. ಬರೆದುಕೊಟ್ಟ. ಕೆಳಗೆ ರುಜು ಹಾಕಿ ಸ್ಟುಡಿಯೋದ ಹೆಸರನ್ನೂ ಬರೆದ.

ಐದು ದಿನಕ್ಕೆ ಅಕ್ಕ ಸ್ಟುಡಿಯೋಗೆ ಬಂದಳು. ಮಗು ಸೊಂಟದ ಮೇಲಿತ್ತು, ಕೈಯಲ್ಲೊಂದು ಕಾಗದ. ಅರ್ಜಿದಾರರು ಲೋಡಿಂಗ್ ಕೆಲಸಕ್ಕೆ ಸಮರ್ಥರಿದ್ದಾರೆ, ಸೋಮವಾರದಿಂದ ಹಾಜರಾಗತಕ್ಕದ್ದು ಅಂತ ಅದರಲ್ಲಿತ್ತು.

"ಏನೋ ಬರೆದುಕೊಟ್ಟೆ ನೀನು?"

"ಅಕ್ಕಾ, ಅವರು ಕೇಳಿದ್ದು ಫೋಟೋದ ವಿಷಯ..."

"ಎಲ್ಲರೂ ಹಾರಿದ್ದಾರೆ ಅಂತ ಬರೆದ್ಯಾ ಇಲ್ವಾ?"

"ಬರೆದೆ."

"ಅವತ್ತು ರಾತ್ರಿ ಅವರಿಗೆ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟೋಳು ನಾನು. ಮಗ್ಗುಲು ತಿರುಗೋಕೆ ನನ್ನ ಕೈ ಬೇಕಾಗಿತ್ತು. ಆದ್ರೂ ನಿನ್ನ ಫೋಟೋ ಚೆನ್ನಾಗಿ ಬಂತೂ ಅಂತ ನಗ್ತಾ ಇದ್ರು." ಇಷ್ಟು ಹೇಳಿ ಅಕ್ಕ ಅಳಲಿಲ್ಲ. ಅಳುವುದಕ್ಕೆ ಅಲ್ಲಿ ಕೂರುವ ಜಾಗವೂ ಇರಲಿಲ್ಲ. "ಹೋಗಿ ನಿಜ ಹೇಳಿ ಬಾ."

ಕೆಟ್ಟ ಮೇಲೆ ಬುದ್ಧಿ ಬಂತು. ಓಡಿಹೋಗಿ ಮ್ಯಾನೇಜರ ಮುಂದೆ ನಿಂತು, ಎತ್ತಿದ್ದು, ಬೆಲ್ಟು ಹಿಡಿದದ್ದು, ಕಚಗುಳಿಯಾದದ್ದು ಎಲ್ಲ ಹೇಳಿದ. ಮ್ಯಾನೇಜರು ಪೂರ್ತಿ ಕೇಳಿಸಿಕೊಂಡರು, ಅದೂ ಶಾಂತವಾಗಿ.

"ಅವತ್ತು ಮೋಸ ಇಲ್ಲ ಅಂದ್ರಿ, ಇವತ್ತು ಇದೆ ಅಂತೀರಿ. ನಿಮ್ಮ ಯಾವ ಮಾತು ನಂಬೋದು? ಬೇರೆ ಫೋಟೋ ತೆಗೆದಿರ್ತೀರಲ್ಲ, ಎತ್ತಿದ್ದು ಕಾಣೋದು, ತನ್ನಿ. ನೋಡೋಣ."

ಬೇರೆ ಫೋಟೋ! ಮೊದಲ ಸಲದ್ದರಲ್ಲಿ ಭಾವ ವಾಲಿದ್ದರು, ಎರಡೂ ಕೈ ಕಾಣುತ್ತಿದ್ದವು. ಬೆಳಕು ನೋಡುವುದಕ್ಕೆ ಹೊಡೆದದ್ದರಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಆ ಎರಡು ಕಸಗಳಲ್ಲಿ ಒಂದು ಸಿಕ್ಕಿದ್ದರೂ ಸಾಕಿತ್ತು. ಅಳಿಸಿದ್ದನ್ನು ಮರಳಿ ತೆಗೆದುಕೊಡುವ ಒಬ್ಬನ ಹತ್ತಿರ ಕ್ಯಾಮೆರಾದ ಕಾರ್ಡು ಒಯ್ದ. ಅದೇ ಕಾರ್ಡಿನ ಮೇಲೆ ಆಮೇಲೆ ಹನ್ನೊಂದು ಕಡೆಯ ಕೆಲಸ ಮಾಡಿದ್ದ. ಹನ್ನೊಂದು ಕಡೆಯ ಜನ ಹಾರುತ್ತಿದ್ದರು, ಭಾವ ಎಲ್ಲಿಯೂ ಇರಲಿಲ್ಲ.

ಎತ್ತಿದ ಇಬ್ಬರನ್ನು ಕ್ಯಾಂಟೀನಿನಲ್ಲಿ ಹಿಡಿದ. "ಎತ್ತಿದ್ವೋ ಇಲ್ವೋ, ಅಷ್ಟು ಜನದಲ್ಲಿ ಏನು ನೆನಪಿರುತ್ತಣ್ಣ?" ಅಂದ ಮೀಸೆಯವನು. ಗಡ್ಡದವನು ಲೋಟದಿಂದ ತಲೆ ಎತ್ತಲಿಲ್ಲ. ಅವರನ್ನು ಬೈಯುವುದಕ್ಕೆ ಇವನಿಗೆ ಬಾಯಿ ಬರಲಿಲ್ಲ. ಬರುವುದಾದರೂ ಹೇಗೆ? ಅವರು ಮರೆತೆವು ಅಂದರು, ಇವನು ಬರೆದೇ ಕೊಟ್ಟಿದ್ದ.

ಸೋಮವಾರ ಭಾವ ಕೆಲಸಕ್ಕೆ ಹೋದರು. ಮಂಗಳವಾರವೂ ಹೋದರು. ಮೂರನೇ ತಿಂಗಳಲ್ಲಿ ಒಂದು ದಿನ, ಭಾರದ ದಿಂಡೂ ಅಲ್ಲ, ನೆಲದ ಮೇಲೆ ಬಿದ್ದಿದ್ದ ಹಗ್ಗ ಎತ್ತಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಎರಡು ಆಪರೇಷನ್ ಆಯಿತು. ಕಾಲುಗಳು ಮಂಡಿಯಲ್ಲಿ ಮಡಿಚಿಕೊಂಡವು ಹಾಗೇ ಉಳಿದವು. ಆಗ ಅದೇ ಡಾಕ್ಟರು ಅದೇ ಫೈಲಿನಲ್ಲಿ, ಇದು ಹಳೆಯ ಬೆನ್ನುನೋವು, ಹೊಸದಾಗಿ ಕೆಲಸದಿಂದ ಆದದ್ದಲ್ಲ ಅಂತ ಬರೆದರು. ಹಳೆಯ ನೋವು ಇತ್ತು ಅಂತ ಒಪ್ಪಿಕೊಳ್ಳಲು ಅವರಿಗೆ ಇಷ್ಟು ಬೇಕಾಯಿತು. ತೂಕದ ಕಟ್ಟೆಯ ಕುರ್ಚಿಯಲ್ಲಿ ಈಗ ಯಾರದೋ ಷಡ್ಡಕ ಕೂತಿದ್ದಾನೆ.

ಏಳು ಶಾಖೆಗಳ ಕೆಲಸ ಬಂತು. ಫ್ಲ್ಯಾಶಣ್ಣ ಹೋದ. ಹೋಗಬಾರದಿತ್ತು ಅಂತ ನೀವು ಅನ್ನಬಹುದು, ಅವನೂ ಅಂದುಕೊಂಡೇ ಹೋದ. ಏಳೂ ಕಡೆ ಗೋಣಿಚೀಲ ಹಾಸಿ ಮಲಗಿ "ಒಂದು, ಎರಡು" ಅಂದ. ಅಲ್ಲೆಲ್ಲ ಸಾಲಿನಲ್ಲಿ ಯಾರಾದರೂ ಒಬ್ಬರು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರೆ ಅವನೇ ಎದ್ದು ಹೋಗಿ, ನೀವು ಕೂತ್ಕೊಳ್ಳಿ, ನೀವು ಬೇಡ ಅನ್ನುತ್ತಿದ್ದ. ಅವರಿಗೆ ಅದು ಅವಮಾನ ಅನ್ನಿಸುತ್ತಿತ್ತು.

ಹೀಗೆ ನಾಲ್ಕೂವರೆ ವರ್ಷವಾಯಿತು. ಪ್ರತಿ ಭಾನುವಾರ ಅವನು ಅಕ್ಕನ ಮನೆಗೆ ಹೋಗುತ್ತಾನೆ. ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಕಿಟಕಿಗೆ ತಾಗಿ ಭಾವನ ಮಂಚ. ಅಕ್ಕ ಅವನಿಗೆ ಚಹಾ ತಂದಿಡುತ್ತಾಳೆ, ಸಕ್ಕರೆ ಸರಿಯಾಗಿರುತ್ತದೆ, ಮಾತು ಮಾತ್ರ ಇರುವುದಿಲ್ಲ. ಭಾವ ಮಾತಾಡುತ್ತಾರೆ, ಹಳೆಯ ಹಾಗೇ ಚೇಷ್ಟೆ ಮಾಡುತ್ತಾರೆ. ಅಕ್ಕನ ಮೌನಕ್ಕಿಂತ ಅವನಿಗೆ ಆ ಚೇಷ್ಟೆಯೇ ಹೆಚ್ಚು ಚುಚ್ಚುತ್ತದೆ.

ಒಂದು ಭಾನುವಾರ ಹೋದಾಗ ಆರು ವರ್ಷದ ಸೊಸೆ, ಅಕ್ಕನ ಮಗಳು, ಅಳತೆಯ ಟೇಪು ಹಿಡಿದುಕೊಂಡು ಕೂತಿದ್ದಳು. ಮನೆಯವರ ಎತ್ತರ ಅಳೆದುಕೊಂಡು ಬನ್ನಿ ಅಂತ ಶಾಲೆಯಲ್ಲಿ ಹೇಳಿದ್ದರಂತೆ. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಎರಡು ಗೆರೆ ಎಳೆದಾಗಿತ್ತು, ಒಂದು ಅವಳದು, ಒಂದು ಅಮ್ಮನದು. ಅಪ್ಪನನ್ನು ಮಲಗಿದಲ್ಲೇ ಅಳೆಯಲು ನೋಡಿದ್ದಳು. ಮಡಿಚಿದ ಮಂಡಿ ನೆಟ್ಟಗಾಗದೆ ಟೇಪು ಎಲ್ಲೆಲ್ಲೋ ಹೋಗಿತ್ತು.

"ಐದೂವರೆ ಅಡಿ ಚಿಲ್ಲರೆ ಅಂತ ಬರಿ" ಅಂದರು ಭಾವ.

"ನಂಬರ್ ಬೇಡ. ನೀನು ಎಲ್ಲಿವರೆಗೆ ಬರ್ತಿದ್ದೆ ಅಂತ ನೋಡ್ಬೇಕು." ಅವಳಿಗೆ ನೆನಪಿರುವ ಅಪ್ಪ ಮಂಚದ ಎತ್ತರಕ್ಕೇ ಇದ್ದವರು. ಅವಳು ಇವನ ಕಡೆ ತಿರುಗಿದಳು. "ಮಾವ, ನಿನ್ನ ಹತ್ರ ಅಪ್ಪ ನಿಂತಿರೋ ಫೋಟೋ ಇದ್ಯಾ?"

ಇಲ್ಲ ಅಂತ ಗೊತ್ತಿದ್ದೂ ಅವನು ಎದ್ದು ಸ್ಟುಡಿಯೋಗೆ ಹೋದ. ಮನೆಯಲ್ಲೇ ಫೋಟೋಗ್ರಾಫರ್ ಇದ್ದಾನಲ್ಲ ಅಂತ ಬೇರೆ ಯಾರೂ ಭಾವನ ಫೋಟೋ ತೆಗೆದಿರಲಿಲ್ಲ. ರಿಜಿಸ್ಟರ್ ಆಫೀಸಿನ ಮೆಟ್ಟಿಲ ಮೇಲೆ, ಮದುವೆಯ ದಿನ, ಗಂಡಹೆಂಡತಿ ಇಬ್ಬರೂ ಹಾರಿದ್ದಾರೆ. ಕೆರೆಯ ಏರಿಯ ಮೇಲೆ ಭಾವ ಒಬ್ಬರೇ ಹಾರಿದ್ದಾರೆ. ಹೊಸ ಮನೆಯ ಮುಂದೆ, ಹೊಸ ಸೈಕಲ್ಲಿನ ಪಕ್ಕ, ಮಗು ಹುಟ್ಟಿದ ದಿನ ಆಸ್ಪತ್ರೆಯ ಅಂಗಳದಲ್ಲಿ, ಎಲ್ಲ ಕಡೆ ಭಾವನ ಕಾಲ ಕೆಳಗೆ ಖಾಲಿ. ಪ್ರತಿಯೊಂದಕ್ಕೂ ಮೊದಲು ಅವರನ್ನು ನಿಲ್ಲಿಸಿ ಒಂದು ಹೊಡೆದಿದ್ದ. ಪ್ರತಿಯೊಂದನ್ನೂ ಅವನ ಕೈಯೇ ಅಳಿಸಿತ್ತು. ಮೂರು ಗಂಟೆ ಹುಡುಕಿ, ಇಂಗು ತಿಂದ ಮಂಗನ ಹಾಗೆ ಬರಿಗೈಯಲ್ಲಿ ವಾಪಸು ಬಂದ.

"ಸಿಗ್ಲಿಲ್ವಾ?" ಅಂದರು ಭಾವ. "ಎಲ್ಲಿ ಸಿಗುತ್ತೆ ಬಿಡು. ನಿಂತ ಫೋಟೋ ಸತ್ತ ಫೋಟೋ ಅಲ್ವೇನೋ." ಅಂದು ನಕ್ಕರು.

ಸೊಸೆಯ ಮುಖ ಬಾಡಿತು. ಆಗ ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಬಾಗಿಲ ಹತ್ತಿರ ನಿಂತು, ತೋಳೆತ್ತಿ, ಚೌಕಟ್ಟಿನ ಮೇಲೆ ಅಂಗೈಯನ್ನು ಅಡ್ಡ ಇಟ್ಟಳು. ತನ್ನ ಗೆರೆಗಿಂತ ಸಾಕಷ್ಟು ಮೇಲೆ. ಸ್ವಲ್ಪ ಕೆಳಗಿಳಿಸಿದಳು, ಮತ್ತೆ ಮೇಲೆ ಮಾಡಿದಳು. ಹತ್ತು ವರ್ಷ ಆ ಭುಜಕ್ಕೆ ತಲೆ ತಾಗಿಸಿದವಳು. ಅವಳಿಗೂ ಅಂದಾಜು ತಪ್ಪುತ್ತಿತ್ತು. ಕೈಯನ್ನು ಅಲ್ಲೇ ಇಟ್ಟುಕೊಂಡು ತಮ್ಮನ ಕಡೆ ನೋಡಿದಳು. ನಾಲ್ಕೂವರೆ ವರ್ಷದಲ್ಲಿ ಮೊದಲ ಸಲ ಅವನ ಜೊತೆ ಮಾತಾಡಿದಳು.

"ಇಷ್ಟೇ ಅಲ್ವೇನೋ?"

ಅವನು ಕಣ್ಣು ಕಿರಿದು ಮಾಡಿ ನೋಡಿದ. ಅವನ ಕಣ್ಣಿನಲ್ಲಿ ಭಾವ ಯಾವಾಗಲೂ ಗೋಣಿಚೀಲದ ಮೇಲಿನಿಂದ ಕಂಡವರು.

"ಇನ್ನೂ ಸ್ವಲ್ಪ ಮೇಲೆ ಅಕ್ಕಾ."

ಅಕ್ಕನ ಕೈ ಮೇಲೆ ಹೋಯಿತು.

"ಅಷ್ಟಿಲ್ಲ" ಅಂದರು ಭಾವ ಮಂಚದಿಂದ. ಈ ಸಲ ನಗಲಿಲ್ಲ. "ಇವನ ಮಾತು ಕೇಳ್ಬೇಡ. ಇವನು ನನ್ನ ಯಾವಾಗ್ಲೂ ಜಾಸ್ತಿ ಎತ್ತರಕ್ಕೇ ತೋರಿಸೋದು."

ಅಕ್ಕ ಕೈಯನ್ನು ನಾಲ್ಕು ಬೆರಳಷ್ಟು ಕೆಳಗಿಳಿಸಿದಳು. ಸೊಸೆ ಸ್ಟೂಲು ಹತ್ತಿ ಅಲ್ಲಿ ಗೆರೆ ಎಳೆದಳು.